ಎರಡೂ ತೋಳಿನ ಅಳತೆ

ನಮ್ಮ ಅಂಗಡಿಯಲ್ಲಿ ಎರಡೂ ತೋಳಿನ ಅಳತೆ ತೆಗೆದುಕೊಳ್ಳುತ್ತೇವೆ. ಬೇರೆ ದರ್ಜಿಗಳು ಬಲತೋಳಿಗೆ ಟೇಪು ಹಿಡಿದು, ಎಡಗಡೆಯದೂ ಅಷ್ಟೇ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ನಾವು ಹಾಗಲ್ಲ. "ಏನಮ್ಮಾ, ನನಗೆ ಒಂದು ಕೈ ಉದ್ದ ಒಂದು ಕೈ ಗಿಡ್ಡ ಅಂತ ಅನುಮಾನನಾ ನಿಮಗೆ?" ಎಂದು ಗಿರಾಕಿಗಳು ನಗುತ್ತಾರೆ. "ಸುಮ್ನೆ ನಿಂತ್ಕೊಳ್ಳಿ, ಅಲ್ಲಾಡಿದ್ರೆ ನಾನೇ ಗಿಡ್ಡ ಮಾಡ್ತೀನಿ" ಎನ್ನುತ್ತೇನೆ. ನನ್ನ ಬಾಯಿ ಹಾಗೇ. ಬಾಯಿಗೆ ಹೆದರಿ ಓಡಿಹೋದವರಿಗಿಂತ ಹೊಲಿಗೆ ಮೆಚ್ಚಿ ಉಳಿದವರು ಹೆಚ್ಚು, ಅದಕ್ಕೇ ಅಂಗಡಿ ನಡೆಯುತ್ತಿದೆ.

ಈ ಪದ್ಧತಿ ಅಪ್ಪನದು. ಅಂಗಡಿಯೂ ಅವನದೇ ಆಗಿತ್ತು. ಅವನ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ನಾನು ಇದೊಂದನ್ನು ಮಾತ್ರ ಬಿಡಲಿಲ್ಲ. ಯಾಕೆಂದರೆ ನನಗೇ ಅದು ಬೇಕಿತ್ತು. ನನ್ನ ಎಡತೋಳು ಬಲತೋಳಿಗಿಂತ ಒಂದಿಂಚು ಗಿಡ್ಡ. ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ನಾನು ಆರು ವರ್ಷದವಳಿದ್ದಾಗ ಅಪ್ಪ ತಿರುಚಿ ಮುರಿದದ್ದು.

ಹಾಗೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾವ, ಅಂದರೆ ಅಮ್ಮನ ಅಣ್ಣ, ನನ್ನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿ "ಯಾರು ಮಾಡಿದ್ದು ಹೇಳು ಮಗಳೇ" ಎಂದು ಕೇಳಿದ್ದ. ಪಕ್ಕದಲ್ಲಿ ಅಮ್ಮ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ನಾನು "ಅಪ್ಪ" ಎಂದೆ. ಅಪ್ಪ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದು, ಆಮೇಲೆ "ಹೌದು, ನಾನೇ" ಎಂದ. ಅವತ್ತೇ ಅವನನ್ನು ಹೊರಗೆ ಹಾಕಿದರು. ನನಗೂ ನೆನಪಿತ್ತು: ಅವನ ಬೆರಳುಗಳು ನನ್ನ ತೋಳನ್ನು ಹಿಡಿದದ್ದು, ಕೆಂಪಾದ ಮುಖ, ಏರಿದ ದನಿ. ಇಪ್ಪತ್ತೊಂಬತ್ತು ವರ್ಷ ಆ ನೆನಪನ್ನು ಇಟ್ಟುಕೊಂಡೇ ಅವನನ್ನು ದ್ವೇಷಿಸಿದೆ.

ನನ್ನ ಮದುವೆಯ ವಾರ ಅವನೊಮ್ಮೆ ಅಂಗಡಿಗೆ ಬಂದಿದ್ದ. ತಲೆಯೆಲ್ಲ ನೆರೆತಿತ್ತು, ಕೈಯಲ್ಲೊಂದು ಕಾಗದದ ಪೊಟ್ಟಣ. ಮಾತಾಡಲು ಬಾಯಿ ತೆರೆದ. ನಾನು ದಡಾರನೆ ಶಟರ್ ಎಳೆದೆ. ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಹೋದ. ಒಳಗೆ ರೇಷ್ಮೆಯ ಅಂಗಿ, ಅವನದೇ ಹೊಲಿಗೆ. ಎಡತೋಳು ಬಲಕ್ಕಿಂತ ಸರಿಯಾಗಿ ಒಂದಿಂಚು ಗಿಡ್ಡ. ಮುರಿದವನಿಗೆ ಅಳತೆ ಮರೆಯುತ್ತದೆಯೇ ಎಂದುಕೊಂಡು ಅದಕ್ಕೆ ಕತ್ತರಿ ಹಾಕಿ, ಇಸ್ತ್ರಿಪೆಟ್ಟಿಗೆ ಒರೆಸುವ ಬಟ್ಟೆ ಮಾಡಿದೆ. ಮರುವರ್ಷ ಅವನು ಸತ್ತ ಸುದ್ದಿ ಬಂತು. ನಾನು ಹೋಗಲಿಲ್ಲ.

ಈಗ ನನ್ನ ಮಗಳ ವಿಷಯ. ಎಂಟು ವರ್ಷ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟಿದ್ದಳು, ಅದಕ್ಕೇ ಎಲ್ಲರ ಬಾಯಲ್ಲೂ ಗುಂಡಿ. ಅವಳಪ್ಪ ಕಾಯಿಲೆಯಾಗಿ ತೀರಿಕೊಂಡು ನಾಲ್ಕು ವರ್ಷ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ನಾವು ಮೂವರು ಹೆಂಗಸರು. ನಾನು ಕತ್ತರಿಸಿ ಹೊಲಿಯುತ್ತೇನೆ. ಅಮ್ಮನ ಬೆರಳಲ್ಲಿ ಮೊದಲಿನ ಬಿಗಿ ಇಲ್ಲ, ಕೂತಲ್ಲೇ ಹೊಲಿದ ಬಟ್ಟೆಯ ಎಳೆದಾರ ಕತ್ತರಿಸುತ್ತಾಳೆ. ಗುಂಡಿ ನಡುವೆ ಓಡಾಡುತ್ತಾ ಇಬ್ಬರ ತಲೆಯನ್ನೂ ತಿನ್ನುತ್ತಾಳೆ. ನನ್ನ ನಾದಿನಿ ಎರಡು ಬೀದಿಯಾಚೆ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವಳು, ಗುಂಡಿಯ ಪಾಲಿಗೆ 'ಬನ್ನತ್ತೆ'. "ರಜೆಯಲ್ಲಾದ್ರೂ ಮಗೂನ ನನ್ನ ಹತ್ರ ಬಿಡಿ ಅತ್ತಿಗೆ" ಎಂದು ಎರಡು ಮೂರು ಸಲ ಕೇಳಿದ್ದಳು. ಮಕ್ಕಳಿಲ್ಲದವಳ ಆಸೆ ಎಂದುಕೊಂಡು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಮುಚ್ಚಿಡುವುದೇನಿದೆ? ಬಂತೆಂದರೆ ಐದು ನಿಮಿಷ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಇಳಿದ ಮೇಲೆ ಏನಂದೆನೆಂದು ನನಗೇ ನೆನಪಿರುವುದಿಲ್ಲ. ಆದರೆ ಮಗಳ ಮೇಲೆ ಕೈ ಮಾಡಿದವಳಲ್ಲ. ಅಂಥ ಅಪ್ಪನಿಗೆ ಹುಟ್ಟಿಯೂ ನಾನು ಅಪ್ಪನಂತಾಗಲಿಲ್ಲ ಎಂಬುದೊಂದೇ ನನ್ನ ಹೆಮ್ಮೆಯಾಗಿತ್ತು.

ಶಾಲೆ ತೆರೆಯಲು ಒಂದು ವಾರವಿತ್ತು. ಭಾನುವಾರ ಬೆಳಿಗ್ಗೆ ಯೂನಿಫಾರಂ ಅಳತೆಗೆಂದು ಗುಂಡಿಯನ್ನು ಮೇಜಿನ ಮೇಲೆ ನಿಲ್ಲಿಸಿದೆ. ಗುರುವಾರ ಒಂದು ಕೋಟಿನ ಕಾಲರ್ ಹಾಳಾಗಿ ಎರಡನೇ ಸಲ ಕತ್ತರಿಸಬೇಕಾಗಿ ಬಂದಿತ್ತು, ಆ ಸಿಡುಕು ಇನ್ನೂ ಇಳಿದಿರಲಿಲ್ಲ. ಆದರೂ ನಗುತ್ತಲೇ ಇದ್ದೆ. "ಬಲಗೈ ಚಾಚು ಮಹಾರಾಣಿ." ಚಾಚಿದಳು. ಹದಿನಾರು ಇಂಚು. ಪುಸ್ತಕದಲ್ಲಿ ಬರೆದುಕೊಂಡೆ. "ಎಡಗೈ." ಚಾಚಲಿಲ್ಲ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡಳು. ನಾನು ಅಂಗಿಯ ತೋಳು ಮೇಲಕ್ಕೆ ಸರಿಸಿದೆ.

ಮೊಣಕೈ ಮೇಲೆ ನಾಲ್ಕು ಬೆರಳ ಗುರುತು. ನೀಲಿ, ಅಂಚಿನಲ್ಲಿ ಹಳದಿ. ಒಳಬದಿಯಲ್ಲಿ ಹೆಬ್ಬೆಟ್ಟಿನದು.

"ಯಾರು ಮಾಡಿದ್ದು?"

ಅವಳು ಅಂಗಿಯ ತೋಳನ್ನು ಮತ್ತೆ ಕೆಳಗೆಳೆದುಕೊಂಡಳು.

"ಯಾರೇ ಮಾಡಿದ್ದು, ಹೇಳೇ! ಶಾಲೆಗೆ ರಜೆ, ನೀನು ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಅಜ್ಜಿನಾ?"

ಗುಂಡಿ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿದಳು. "ಹೂಂ, ಅಜ್ಜಿ."

ಹಿಂದಿನ ಕೋಣೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಅಮ್ಮ ಕಿಟಕಿ ಪಕ್ಕ ಕೂತು ದಾರ ಕತ್ತರಿಸುತ್ತಿದ್ದಳು. ಬಾಯಿಗೆ ಬಂದದ್ದೆಲ್ಲ ಅಂದೆ. "ಅಪ್ಪ ಮುರಿದದ್ದು ಸಾಲದು ಅಂತ ನೀನೂ ಶುರು ಮಾಡಿದ್ಯಾ? ಮಗು ಕಣೇ ಅದು, ಮಗು! ನಿನ್ನನ್ನ ನಂಬಿ ಬಿಟ್ಟಿದ್ನಲ್ಲ!"

ಅಮ್ಮ ನನ್ನ ಹಿಂದೆ ನೋಡಿದಳು. ಬಾಗಿಲಲ್ಲಿ ಗುಂಡಿ, ತೋಳು ಹಿಡಿದುಕೊಂಡು ನಿಂತಿದ್ದಳು. ಅಮ್ಮ ಕತ್ತರಿಯನ್ನು ನಿಧಾನಕ್ಕೆ ಕಿಟಕಿಯ ಕಟ್ಟೆ ಮೇಲಿಟ್ಟಳು.

"ಹೌದು. ನಾನೇ."

"ಹೊರಡು ಮನೆಯಿಂದ."

ಅವಳು ಅಳಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ. ನಾಲ್ಕು ಬಟ್ಟೆ ಚೀಲಕ್ಕೆ ಹಾಕಿಕೊಂಡಳು. ಮಾವನ ಮನೆಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಹೊಸ್ತಿಲು ದಾಟುವಾಗ ತಿರುಗಿ ನಿಂತು, "ಅಟ್ಟದ ಮೇಲೆ ಹಳೇ ಅಳತೆ ಪುಸ್ತಕ ಇದೆ. ನಿಂಗೆ ಆರು ವರ್ಷ ಇದ್ದಾಗಿಂದು. ಒಂದ್ಸಲ ನೋಡು. ನನ್ನ ಬಾಯಲ್ಲಿ ಹೇಳೋಕಾಗಲ್ಲ" ಎಂದಳು. ಪುಸ್ತಕವಂತೆ ಪುಸ್ತಕ ಎಂದು ನಾನು ಬಾಗಿಲು ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ತಡೆಯಲಾಗಲಿಲ್ಲ. ಸ್ಟೂಲು ಹಾಕಿ ಅಟ್ಟ ಹತ್ತಿ, ಧೂಳು ಕೊಡವಿ ತೆಗೆದೆ. ಮನೆಯವರಿಗೆಂದೇ ಕೊನೆಯಲ್ಲಿ ನಾಲ್ಕು ಹಾಳೆ. ನನ್ನ ಹಾಳೆಯಲ್ಲಿ ಮೊದಲು ಅಪ್ಪನ ದುಂಡಗಿನ ಅಕ್ಷರ, ತಾರೀಖಿನ ಸಮೇತ: ಬಲ ಹದಿನಾಲ್ಕು, ಎಡ ಹದಿನಾಲ್ಕು. ಆ ತಿಂಗಳೇ ಅವನು ದೂರದ ಗಾರ್ಮೆಂಟ್ಸಿಗೆ ಕೆಲಸಕ್ಕೆ ಹೋದದ್ದು. ಎಂಟು ತಿಂಗಳು ಮನೆಗೆ ಬಂದಿರಲಿಲ್ಲ, ಅದು ನನಗೆ ಗೊತ್ತಿದ್ದ ವಿಷಯ. ಕೆಳಗೆ ಐದು ತಿಂಗಳ ನಂತರದ ತಾರೀಖು, ಅಮ್ಮನ ಓರೆ ಅಕ್ಷರ: ಬಲ ಹದಿನಾಲ್ಕು, ಎಡ ಹದಿಮೂರು.

ಮತ್ತೆ ಓದಿದೆ. ತಾರೀಖುಗಳ ಮೇಲೆ ಬೆರಳಿಟ್ಟು ತಿಂಗಳು ಎಣಿಸಿದೆ. ನನ್ನ ಕೈ ಮುರಿದಾಗ ಅಪ್ಪ ಊರಲ್ಲೇ ಇರಲಿಲ್ಲ.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಮೂರು ತಿಂಗಳ ನಂತರ, ಅಪ್ಪನ ಅಕ್ಷರ. ಮನೆಗೆ ಬಂದ ದಿನವೇ ಅಳತೆ ತೆಗೆದಿರಬೇಕು. ಬಲ ಹದಿನಾಲ್ಕೂಕಾಲು, ಎಡ ಹದಿಮೂರೂಕಾಲು. ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ದೊಡ್ಡದೊಂದು ಪ್ರಶ್ನೆಚಿಹ್ನೆ, ಕಾಗದ ಹರಿಯುವಷ್ಟು ಒತ್ತಿ ಬರೆದದ್ದು. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಅಪ್ಪನ ಅಕ್ಷರವಿಲ್ಲ.

ಅಯ್ಯೋ. ನನ್ನ ತೋಳಿನ ಮೇಲಿದ್ದ ಆ ಬೆರಳುಗಳು! ಅವನು ಟೇಪು ಹಿಡಿದಿದ್ದ. ಅಳುತ್ತಿದ್ದ, ಅದಕ್ಕೇ ಮುಖ ಕೆಂಪಾಗಿತ್ತು. ಕೂಗಾಡಿದ್ದು ನನ್ನ ಮೇಲಲ್ಲ, ಅಮ್ಮನ ಮೇಲೆ. ಅಮ್ಮ ಊರಿಗೆಲ್ಲ ಸುಳ್ಳು ಹೇಳಿದಳು, ಅಣ್ಣನಿಗೆ ಹೇಳಿದಳು, ನನ್ನ ಬಾಯಲ್ಲೂ ಹೇಳಿಸಿದಳು. ಅಳತೆ ಪುಸ್ತಕದಲ್ಲಿ ಮಾತ್ರ ದರ್ಜಿಯ ಕೈ ಸುಳ್ಳು ಬರೆಯಲಿಲ್ಲ. ಬರೆದರೆ ಮಗಳ ಅಂಗಿ ಸರಿಯಾಗಿ ಕೂರುತ್ತಿರಲಿಲ್ಲ, ಅಷ್ಟೇ.

ಗುಂಡಿಯನ್ನು ಬೇಕರಿಗೆ ಕರೆದುಕೊಂಡು ಹೋಗಿ ನಾದಿನಿಗೆ ಒಪ್ಪಿಸಿದೆ. ಅವಳು ಹಿಟ್ಟಿನ ಕೈಯಲ್ಲೇ ಮಗುವಿನ ತೋಳು ನೋಡಿ, "ಯಾರು ಅತ್ತಿಗೆ?" ಎಂದಳು.

"ಅಜ್ಜಿ."

"ಅಜ್ಜಿನಾ?" ಅವಳು ನನ್ನನ್ನು ದಿಟ್ಟಿಸಿದಳು. "ಲೋಟ ಹಿಡಿದ್ರೆ ಬೆರಳು ನಡುಗುತ್ತೆ ಅವರಿಗೆ. ಇಷ್ಟು ಗಟ್ಟಿಯಾಗಿ ಹಿಡಿಯೋಕಾಗುತ್ತಾ?"

"ನಿನಗೇನು ಗೊತ್ತು, ಸುಮ್ನಿರು" ಎಂದು ಗದರಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತಿದ್ದರೂ ದಾರಿ ಯಾವುದೂ ಕಣ್ಣಿಗೆ ಬೀಳಲಿಲ್ಲ.

ಮಾವನ ಮನೆಯ ಹಿಂಬದಿಯ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಳು. ನಾನು ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದೆ. ಬಿಚ್ಚಿ ನೋಡಲಿಲ್ಲ, ಮೇಲೆ ಕೈಯಿಟ್ಟುಕೊಂಡಳು.

"ಗಿರಾಕಿ ಕೋಟಿನ ಬಟ್ಟೆ ಅದು" ಎಂದಳು. "ಗೊಂಬೆಗೆ ಅಂಗಿ ಮಾಡ್ತೀನಿ ಅಂತ ನೀನು ಮಧ್ಯಕ್ಕೇ ಕತ್ತರಿ ಹಾಕಿದ್ದೆ. ಇಡೀ ಅಂಗಡಿ ನನ್ನ ತಲೆ ಮೇಲಿತ್ತು. ಕೈ ಹಿಡಿದು ತಿರುವಿದೆ. ಟಕ್ ಅಂತು. ಆಮೇಲೆ ನನಗೆ ಎಚ್ಚರ ಬಂತು."

"ಅಪ್ಪನ ಮೇಲೆ ಹಾಕಿದ್ಯಲ್ಲಮ್ಮ. ನನ್ನ ಕೈಲೇ ಹೇಳಿಸಿದ್ಯಲ್ಲ."

"ಹೂಂ. ನಮ್ಮಣ್ಣನಿಗೆ ಗೊತ್ತಾದ್ರೆ ನಿನ್ನನ್ನ ನನ್ನಿಂದ ಕಿತ್ಕೋತಾನೆ ಅಂತ ಭಯ. ಮೂರು ತಿಂಗಳು ನಿನ್ನ ಕೈ ಯಾರಿಗೂ ತೋರಿಸದೆ ಮುಚ್ಚಿಟ್ಟಿದ್ದೆ, ಅವನು ನೋಡೋವಷ್ಟರಲ್ಲಿ ನಿಮ್ಮಪ್ಪ ವಾಪಸ್ ಬಂದಿದ್ರು." ಅವಳು ಎಡತೋಳಿನ ಬಟ್ಟೆ ಮೇಲಕ್ಕೆ ಸರಿಸಿ, ಎರಡೂ ಕೈ ಮುಂದೆ ಚಾಚಿದಳು. ಎಡಗೈ ಮುಕ್ಕಾಲು ಇಂಚು ಹಿಂದೆ ಉಳಿಯಿತು. "ನೋಡಿದೀಯಾ ಯಾವತ್ತಾದ್ರೂ? ಕಾಣಿಸಲ್ಲ. ಕಾಣಿಸದ ಹಾಗೆ ಹೊಲಿಯೋರು ನಿಮ್ಮಪ್ಪ. ಅವರು ಹೋದ ಮೇಲೆ ನನ್ನದನ್ನ ನಾನೇ ಹೊಲ್ಕೊಂಡೆ. ನನಗೆ ಹೊಲಿದ ಮೊದಲನೇ ಅಂಗೀಲಿ ಎಡತೋಳು ಜೋತುಬಿದ್ದಿತ್ತು. ಅವತ್ತಿಂದ ಎಲ್ಲರಿಗೂ ಎರಡೂ ತೋಳು ಅಳೆಯೋಕೆ ಶುರು ಮಾಡಿದ್ರು, ನನಗೊಬ್ಬಳಿಗೇ ಅಳೆದ್ರೆ ನನಗೆ ನೋವಾಗುತ್ತೆ ಅಂತ. ಯಾಕೆ ಹೀಗಿದೆ ಅಂತ ಕೇಳಲೇ ಇಲ್ಲ."

"ಯಾರು ಮಾಡಿದ್ದು?"

"ನಮ್ಮಮ್ಮ. ಹಾಲು ಚೆಲ್ಲಿದ್ದಕ್ಕೆ."

ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದ ಆ ಅಜ್ಜಿ. ಅವಳು ಸತ್ತಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ.

"ಅಪ್ಪ ಯಾಕಮ್ಮ ಹೌದು ಅಂದ? ಇಲ್ಲ ಅನ್ನಬಹುದಿತ್ತಲ್ಲ!"

"ಇಲ್ಲ ಅಂದಿದ್ರೆ ನೀನು ಸುಳ್ಳಿ ಆಗ್ತಿದ್ದೆ. ನನ್ನ ಗುಟ್ಟು ರಟ್ಟಾಗ್ತಿತ್ತು. ಆ ಸಿಟ್ಟಲ್ಲಿ ನಾನು ನಿನ್ನನ್ನ ಏನು ಮಾಡ್ತಿದ್ನೋ ಅಂತ ಅವರಿಗೆ ಭಯ. ಹೋಗೋವಾಗ ಒಂದೇ ಮಾತು ಅಂದ್ರು, 'ಇನ್ನು ಮಗೂನ ಮುಟ್ಟಲ್ಲ ಅಂತ ನನಗೆ ಮಾತು ಕೊಡು' ಅಂತ. ಕೊಟ್ಟೆ. ಆಮೇಲೆ ನಿನ್ನ ತಲೆ ಬಾಚೋಕೂ ಮುಟ್ಟಲಿಲ್ಲ ನಾನು. ಜ್ವರ ಬಂದಾಗಲೂ ಒದ್ದೆ ಬಟ್ಟೆ ನಿನ್ನ ಕೈಗೇ ಕೊಡ್ತಿದ್ದೆ. ನೆನಪಿದೆಯಾ?"

ನೆನಪಿತ್ತು. ಕಲ್ಲೆದೆಯ ಹೆಂಗಸು ಎಂದು ಬೈದುಕೊಂಡಿದ್ದೆ. ನನ್ನ ಹೆರಿಗೆಯಲ್ಲೂ ದೂರ ನಿಂತು ನೋಡಿದವಳು. ನನಗೆ ಅಳು ಒತ್ತರಿಸಿ ಬಂತು, ಅವಳ ಮೇಲೆ ಸಿಟ್ಟೂ ಬಂತು, ಯಾವುದು ಮೊದಲು ಎಂದು ತಿಳಿಯದೆ ಮೆಟ್ಟಿಲ ಮೇಲೆ ಕುಸಿದು ಕೂತೆ. ಆಗ ತಲೆಗೆ ಹೊಳೆಯಿತು. ನನ್ನನ್ನೇ ಮುಟ್ಟದವಳು ಗುಂಡಿಯನ್ನು ಮುಟ್ಟಿದಳೇ?

"ಅಮ್ಮಾ, ಗುಂಡಿ ತೋಳು..."

ಅವಳು ಪುಸ್ತಕವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ನೀನೇ ಅಂದ್ಯಲ್ಲ, ಹೌದು ನಾನೇ ಅಂತ!"

"ನಿಮ್ಮಪ್ಪ ಅಂದಂಗೇ ಅಂದೆ." ಅವಳ ದನಿ ತೀರಾ ಸಣ್ಣಗಾಗಿತ್ತು. "ನಾನಲ್ಲ ಅಂದಿದ್ರೆ ಮಗು ಸುಳ್ಳು ಹೇಳಿದಂಗಾಗೋದು. ನೀನು ಆಗ ಯಾವ ಸಿಟ್ಟಲ್ಲಿದ್ದೆ ಅಂತ ನೋಡಿದ್ನಲ್ಲ. ಗುರುವಾರ ಕಣೇ. ಆ ಕಾಲರ್."

ಕಾಲರ್. ಇಸ್ತ್ರಿ ಮಾಡಿ ಆರಲು ಬಿಟ್ಟಿದ್ದ ಕಾಲರಿನ ಮೇಲೆ ಗುಂಡಿ ಬಣ್ಣದ ಪೆನ್ಸಿಲಿನಿಂದ ಹೂವು ಬರೆದಿದ್ದಳು. ನಾನು ಅವಳನ್ನು ಪಕ್ಕಕ್ಕೆ ಸರಿಸಿದ್ದೆ. ಸರಿಸಿದ್ದೆ, ಅಷ್ಟೇ. ಅಷ್ಟೇ ಎಂದು ನಾಲ್ಕು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಅಮ್ಮನ ಎದುರು ಕೂತಾಗ ಕೈಗೆ ನೆನಪಾಯಿತು. ಸಣ್ಣ ತೋಳು, ನನ್ನ ಮುಷ್ಟಿಯೊಳಗೆ ಪೂರ್ತಿ ಹಿಡಿಸಿತ್ತು. ನಾನು ಅದನ್ನು ತಿರುಚಲು ಶುರು ಮಾಡಿದ್ದೆ. "ಬಿಡೇ!" ಎಂದು ಹಿಂದಿನಿಂದ ಅಮ್ಮ ಕಿರುಚಿದ್ದು ಕೇಳಿಸಿ ಬಿಟ್ಟಿದ್ದೆ. ಇಲ್ಲದಿದ್ದರೆ ಟಕ್ ಎನ್ನುತ್ತಿತ್ತು.

"ಅವಳನ್ನ ದೂರ ಇಡು" ಎಂದಳು ಅಮ್ಮ. "ನಾನು ನಿನ್ನನ್ನ ಇಡಲಿಲ್ಲ. ಮುಟ್ಟದೆ ಇದ್ರೆ ಸಾಕು ಅಂದ್ಕೊಂಡೆ. ನೋಡು, ನೀನೂ ಕಲಿತುಬಿಟ್ಟೆ."

ಮಧ್ಯಾಹ್ನ ಒಬ್ಬಳೇ ಮನೆಗೆ ಬಂದೆ. ಇಸ್ತ್ರಿಪೆಟ್ಟಿಗೆಯ ಪಕ್ಕ ಆ ಒರೆಸುವ ಬಟ್ಟೆ ಬಿದ್ದಿತ್ತು, ಕರೆ ಹಿಡಿದು ಗುರುತೇ ಸಿಗದಂತಾಗಿತ್ತು. ಬಿಡಿಸಿದಾಗ ತೋಳಿನ ತುದಿಯಲ್ಲಿ ಅಪ್ಪನ ಹೊಲಿಗೆ ಎರಡು ಬೆರಳಗಲ ಉಳಿದಿತ್ತು. ಒಂದು ಎಳೆಯೂ ಬಿಟ್ಟಿರಲಿಲ್ಲ. ಅದನ್ನು ಮುಖಕ್ಕೆ ಒತ್ತಿಕೊಂಡು ಎಷ್ಟು ಅತ್ತರೂ ಏನು ಬಂತು, ಶಟರ್ ಎಳೆದ ಕೈ ಇದೇ ತಾನೇ. ಎದ್ದು ಮುಖ ತೊಳೆದು, ಗುಂಡಿಯ ಬಟ್ಟೆ, ಪುಸ್ತಕ, ಬಣ್ಣದ ಪೆನ್ಸಿಲು ಎಲ್ಲ ಒಂದು ಚೀಲಕ್ಕೆ ತುಂಬಿದೆ. ಈಗಿನ ಅಳತೆ ಪುಸ್ತಕವನ್ನೂ ಟೇಪನ್ನೂ ಮೇಲಿಟ್ಟುಕೊಂಡೆ.

ನಾದಿನಿಯ ಮನೆ ಬೇಕರಿಯ ಮೇಲಿನ ಮಹಡಿ, ಒಂದೇ ಕೋಣೆ. ಸಂಜೆಯ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಗುಂಡಿ ಮೈದಾ ಹಿಟ್ಟಿನಲ್ಲಿ ಬೆಕ್ಕು ಮಾಡುತ್ತಾ ಕೂತಿದ್ದಳು. ನನ್ನ ಹೆಜ್ಜೆ ಕೇಳಿಸಿದ್ದೇ ಎದ್ದು ನಿಂತು, ಬೆಕ್ಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅದು ಗದರಿಸುವಂಥದ್ದೇನೂ ಆಗಿರಲಿಲ್ಲ.

ನಾನು ನೆಲದ ಮೇಲೆ ಕೂತೆ. "ಗುಂಡಿ, ಅತ್ತೆ ಎದುರಿಗೆ ಹೇಳು ಪುಟ್ಟ. ನಿನ್ನ ತೋಳಿಗೆ ಹೀಗೆ ಯಾರು ಮಾಡಿದ್ದು?"

ಅವಳು ನನ್ನ ಮುಖ ನೋಡಿದಳು. ಯಾವ ಉತ್ತರ ಬೇಕೆಂದು ಹುಡುಕುತ್ತಿದ್ದಳು. ಮೇಜಿನ ಮೇಲೆ ಕೂತು ನಾನೂ ಅಮ್ಮನ ಮುಖವನ್ನು ಹಾಗೇ ನೋಡಿದ್ದೆ. "ಅಜ್ಜಿ" ಎಂದಳು.

"ಅಲ್ಲ. ಅಜ್ಜಿ ಅಲ್ಲ, ನಾನು. ನಿನ್ನಮ್ಮ."

"ಇಲ್ಲಮ್ಮ, ಅಜ್ಜಿನೇ." ಅಳು ಬಂದುಬಿಟ್ಟಿತು ಅವಳಿಗೆ. "ನೀನಲ್ಲ, ನೀನಲ್ಲಮ್ಮ, ಸಿಟ್ಟು ಮಾಡ್ಕೋಬೇಡ."

ನಾದಿನಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳಿಗೆ ಮೊದಲೇ ಗೊತ್ತಿತ್ತು ಎಂದು ಅವಳ ಕಣ್ಣಲ್ಲಿ ಕಂಡೆ.

ಪುಸ್ತಕ ಬಿಚ್ಚಿದೆ. ಭಾನುವಾರದ ಸಾಲಿನಲ್ಲಿ ಬಲ ಹದಿನಾರು ಎಂದಿತ್ತು, ಎಡದ ಜಾಗ ಖಾಲಿ. ಟೇಪು ತೆಗೆದುಕೊಂಡು ಕೈ ಮುಂದೆ ಚಾಚಿದೆ. ಗುಂಡಿ ಎಡಗೈ ಚಾಚಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಭುಜ ಕಿವಿಯವರೆಗೆ ಏರಿತ್ತು. ನಾನು ಟೇಪನ್ನು ನಾದಿನಿಗೆ ಕೊಟ್ಟೆ.

"ನೀನೇ ಅಳೆ. ಭುಜದ ಈ ಮೂಳೆಯಿಂದ ಮಣಿಕಟ್ಟಿನ ಮೂಳೆವರೆಗೆ."

"ನನಗೆಲ್ಲಿ ಬರುತ್ತೆ ಅತ್ತಿಗೆ, ನಾನು ಹಿಟ್ಟು ಅಳೆಯೋಳು."

"ಅಳೆ."

ಅವಳು ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಸರಿಯಾಗಿ ಹಿಡಿದಳು. "ಹದಿನಾರು" ಎಂದಳು. "ಎರಡೂ ಒಂದೇ."

ಹದಿನಾರು ಎಂದು ಬರೆದೆ. ಅದರ ಕೆಳಗೆ, ಎಡತೋಳಿನ ಮೇಲೆ ನಾಲ್ಕು ಬೆರಳ ಗುರುತು, ಅಮ್ಮ ಮಾಡಿದ್ದು, ಗುರುವಾರ ಎಂದು ಬರೆದು ಸಹಿ ಹಾಕಿದೆ. ಅದನ್ನು ಗುಂಡಿಗೆ ಓದಿ ಹೇಳಿ, ಪುಸ್ತಕವನ್ನು ಅವಳ ಚೀಲಕ್ಕೇ ಹಾಕಿದೆ. ದೊಡ್ಡವಳಾದ ಮೇಲೆ ಅವಳು ಯಾವ ಅಟ್ಟವನ್ನೂ ಹುಡುಕಬಾರದು.

"ಇವಳು ಇಲ್ಲೇ ಇರ್ಲಿ" ಎಂದೆ ನಾದಿನಿಗೆ. "ಭಾನುವಾರ ಬರ್ತೀನಿ, ನೀನು ಇರೋವಾಗ. ಯೂನಿಫಾರಂ ನಾಳೆ ಹೊಲಿದು ಕಳಿಸ್ತೀನಿ. ತೋಳಿನ ತುದಿಯಲ್ಲಿ ಮೂರು ಇಂಚು ಬಟ್ಟೆ ಒಳಕ್ಕೆ ಮಡಿಚಿರ್ತೀನಿ. ಬೆಳೆದ ಹಾಗೆ ಬಿಚ್ಚಿಕೊಂಡು ಹೋಗು."

"ಮೂರು ಇಂಚಾ? ಅಂದ್ರೆ ಎಷ್ಟು ದಿನ ಅತ್ತಿಗೆ?"

ಎಂಟು ವರ್ಷದ ಮಗುವಿನ ತೋಳು ಮೂರು ಇಂಚು ಬೆಳೆಯಲು ಮೂರು ವರ್ಷ ಬೇಕು. ದರ್ಜಿಯಾದವಳಿಗೆ ಅದು ಬಾಯಿಪಾಠ. ನಾನು ಚೀಲವನ್ನು ಗೋಡೆಗೆ ಒರಗಿಸಿಟ್ಟು ಎದ್ದೆ.

ನಾನು ಬಾಗಿಲಿಗೆ ಬಂದಾಗ ಗುಂಡಿ ಓಡಿಬಂದು ಎದುರಿಗೆ ನಿಂತಳು. ಎರಡೂ ಕೈ ಉದ್ದಕ್ಕೆ ಚಾಚಿ, ಪಕ್ಕಪಕ್ಕ ಹಿಡಿದು ತೋರಿಸಿದಳು.

"ನೋಡಮ್ಮ, ಎರಡೂ ಒಂದೇ ಇದೆ, ಏನೂ ಆಗಿಲ್ಲ. ಮನೆಗೆ ಹೋಗೋಣ ಬಾ."

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವಳ ತೋಳುಗಳನ್ನು ನೋಡುತ್ತಾ ನಿಂತೆ. ಆಮೇಲೆ ಮೆಟ್ಟಿಲಿಳಿದೆ.